ಬಾವಿಯ ಮೇಲಿನ ಎರಡು ಅಂಕಿಗಳು

(ಅಕ್ಕಲಕೋಟ ಭಾಗದ ಸಭಾಸದ ಬೆಳೆಗಾರರ ಸಭೆಯಲ್ಲಿ ನಮ್ಮ ಕಾರಖಾನೆಯ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ. ಸಭೆಗೆ ಬರಲಾಗದವರ ಉಪಯೋಗಕ್ಕಾಗಿ ಇಲ್ಲಿ ಕೊಡಲಾಗಿದೆ.)



ಕಬ್ಬಿನ ಅಧಿಕಾರಿ ಬಂದನೆಂದರೆ ಬೀಜೋಪಚಾರ, ಗೊಬ್ಬರದ ಕಂತು, ಕುಳೆ ಕಬ್ಬಿನ ಆರೈಕೆ, ಉಣ್ಣೆ ಹೇನು ಇವುಗಳ ಮಾತು ಬರುತ್ತದೆಂದು ತಾವು ಎಣಿಸಿರಬಹುದು. ಇವತ್ತು ಅವನ್ನೆಲ್ಲ ಬದಿಗಿಟ್ಟು ಕರೆಂಟಿನ ಲೆಕ್ಕ ಹೇಳಬೇಕೆಂದು ಬಂದಿದ್ದೇನೆ. ಇದು ವಾಯರಮನ್‌ನ ಕೆಲಸ, ನಿಮಗೇಕೆ ಎಂದು ಕೇಳಬೇಡಿರಿ. ಕಬ್ಬಿಗೂ ಈ ಲೆಕ್ಕಕ್ಕೂ ಇರುವ ನಂಟನ್ನು ಮೊದಲು ಹೇಳಿಬಿಡುತ್ತೇನೆ.

ಐದು ಅಶ್ವಶಕ್ತಿಯ ಒಂದು ಪಂಪು ಸೆಕೆಂಡಿಗೆ 7 ಲೀಟರ್ ನೀರು ಎತ್ತುತ್ತದೆಂದು ಹಿಡಿಯಿರಿ. ತಾಸಿಗೆ 25,200 ಲೀಟರ್ ಆಯಿತು. ಎಂಟು ತಾಸು ಕರೆಂಟು ಸಿಕ್ಕರೆ ಎರಡು ಲಕ್ಷ ಲೀಟರಿಗೆ ಸ್ವಲ್ಪ ಹೆಚ್ಚು. ಒಂದು ಎಕರೆಗೆ ಐದು ಸೆಂಟಿಮೀಟರ್ ನೀರು ನಿಲ್ಲಿಸಲು ಬೇಕಾಗುವುದೂ ಅಷ್ಟೇ, ಎರಡು ಲಕ್ಷ ಲೀಟರ್. ಅಂದರೆ ದಿನಕ್ಕೆ ಒಂದು ಎಕರೆ. ಎಂಟು ಎಕರೆ ಕಬ್ಬಿದ್ದವರಿಗೆ ಎಂಟು ದಿವಸಕ್ಕೊಮ್ಮೆ ಪಾಳಿ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆಯ ಬಿಸಿಲಿಗೆ ಈ ಎಂಟು ದಿವಸ ಸರಿಯಾದ ಅಂತರ. ಈಗ ಮೋಟಾರು ಸುಟ್ಟಿತೆನ್ನಿರಿ. ಅದನ್ನು ಬಾವಿಯಿಂದ ಎತ್ತಿ, ಪೇಟೆಗೆ ಒಯ್ದು, ಸುರುಳಿ ಸುತ್ತಿಸಿ, ಮತ್ತೆ ಇಳಿಸುವುದರೊಳಗೆ ನಾಲ್ಕು ದಿವಸ ಹೋದರೆ ಎಂಟು ದಿವಸದ ಪಾಳಿ ಹನ್ನೆರಡಕ್ಕೆ ಬಿತ್ತು. ಬೆಳೆಯುವ ಹೊತ್ತಿನ ಕಬ್ಬು ನೀರಿಗೆ ಬಾಯಾರಿದರೆ ಆ ದಿವಸಗಳಲ್ಲಿ ಮೂಡಿದ ಗಣ್ಣುಗಳ ನಡುವಿನ ಅಂತರ ಗಿಡ್ಡಾಗುತ್ತದೆ. ಆಮೇಲೆ ಎಷ್ಟು ನೀರು ಕೊಟ್ಟರೂ ಗಿಡ್ಡಾದ ಗಣಿಕೆ ಉದ್ದವಾಗುವುದಿಲ್ಲ. ಕಬ್ಬಿನ ಗಣಿಕೆಯ ಮೇಲೆ ಮೋಟಾರು ಸುಟ್ಟ ವಾರವನ್ನು ಬೆರಳಿಟ್ಟು ತೋರಿಸಬಹುದು.

ಮೋಟಾರು ತಾನಾಗಿ ಸುಡುವುದು ಕಡಿಮೆ. ಸುಡುವ ಮೊದಲು ಅದು ಎರಡು ಅಂಕಿಗಳ ಮೂಲಕ ಬಹಳ ದಿವಸ ಹೇಳಿರುತ್ತದೆ. ಸ್ಟಾರ್ಟರಿನ ಫಲಕದ ಮೇಲೆ ಎರಡು ಮೀಟರುಗಳಿರುತ್ತವೆ. ಒಂದು ವೋಲ್ಟ್ ತೋರಿಸುತ್ತದೆ, ಇನ್ನೊಂದು ಅಂಪಿಯರ್ ತೋರಿಸುತ್ತದೆ. ಆ ಎರಡು ಅಂಕಿಗಳನ್ನು ಓದಲು ಬಂದರೆ, ಒಂದು ಭಾಗಾಕಾರ, ಒಂದು ಗುಣಾಕಾರ ಬಂದರೆ, ತಮ್ಮ ತಂತಿ, ಮೋಟಾರು, ಭೂಮಿ ತಂತಿ ಮೂರರ ಆರೋಗ್ಯ ತಮಗೇ ತಿಳಿಯುತ್ತದೆ. ಇವತ್ತಿನ ಮಾತು ಇಷ್ಟೇ.

ಭಾಗಿಸಿದರೆ ತಡೆ, ಗುಣಿಸಿದರೆ ಶಕ್ತಿ

ವೋಲ್ಟ್ ಎಂದರೆ ಒತ್ತಡ. ಅಂಪಿಯರ್ ಎಂದರೆ ಹರಿವು. ಎತ್ತರದ ಟಾಕಿಯಿಂದ ಪೈಪಿನಲ್ಲಿ ನೀರು ಬಿಟ್ಟಂತೆ. ಟಾಕಿಯ ಎತ್ತರ ವೋಲ್ಟ್, ಪೈಪಿನಲ್ಲಿ ಹರಿಯುವ ನೀರು ಅಂಪಿಯರ್. ಪೈಪು ಸಣ್ಣದಿದ್ದರೆ, ಉದ್ದವಿದ್ದರೆ ನೀರಿಗೆ ತಡೆ ಹೆಚ್ಚು. ತಂತಿಯಲ್ಲಿಯೂ ಹಾಗೆಯೇ. ಈ ತಡೆಗೆ ಪುಸ್ತಕದಲ್ಲಿ ರೋಧ ಎನ್ನುತ್ತಾರೆ. ಅದನ್ನು ಅಳೆಯುವ ಮಾನ ಓಮ್.

ಓಮ್ ಎಂಬುದು ಒಬ್ಬ ಮನುಷ್ಯನ ಹೆಸರು. ಗೇಯಾರ್ಗ್ ಸೈಮನ್ ಓಮ್ ಎಂಬ ಜರ್ಮನ್ ಶಾಲಾ ಶಿಕ್ಷಕರು ಬೇರೆಬೇರೆ ಉದ್ದದ ತಂತಿಗಳನ್ನು ಕೂಡಿಸಿ ನೋಡಿ, ಒತ್ತಡ ಎಷ್ಟು ಪಟ್ಟು ಹೆಚ್ಚುತ್ತದೆಯೋ ಹರಿವೂ ಅಷ್ಟೇ ಪಟ್ಟು ಹೆಚ್ಚುತ್ತದೆ ಎಂದು ಕಂಡುಕೊಂಡು 1827ರಲ್ಲಿ ಪುಸ್ತಕ ಬರೆದರು. ಅವರ ನಿಯಮ ಒಂದೇ ಸಾಲಿನದು:

ತಡೆ = ವೋಲ್ಟ್ ÷ ಅಂಪಿಯರ್

ಶಕ್ತಿಯ ಲೆಕ್ಕವೂ ಒಂದೇ ಸಾಲಿನದು:

ವ್ಯಾಟ್ = ವೋಲ್ಟ್ × ಅಂಪಿಯರ್

ಮನೆಯಲ್ಲಿ ನೀರು ಕಾಯಿಸುವ ಹೀಟರನ್ನು ತೆಗೆದುಕೊಳ್ಳಿರಿ. 230 ವೋಲ್ಟಿನಲ್ಲಿ ಅದು 5 ಅಂಪಿಯರ್ ಎಳೆಯುತ್ತದೆ. 230ನ್ನು 5ರಿಂದ ಭಾಗಿಸಿದರೆ 46 ಓಮ್, ಅದು ಹೀಟರಿನ ತಡೆ. 230ನ್ನು 5ರಿಂದ ಗುಣಿಸಿದರೆ 1,150 ವ್ಯಾಟ್, ಅದು ಹೀಟರಿನ ಶಕ್ತಿ. ಸಾವಿರ ವ್ಯಾಟ್ ಒಂದು ತಾಸು ಉರಿದರೆ ಒಂದು ಯೂನಿಟ್. ಈ ಹೀಟರ್ ತಾಸಿಗೆ ಒಂದು ಯೂನಿಟ್ ಮತ್ತು ಮೇಲೆ ಸ್ವಲ್ಪ ತಿನ್ನುತ್ತದೆ.

ಸಂಜೆಗೆ ವೋಲ್ಟ್ ಇಳಿದು 184 ಆಯಿತೆನ್ನಿರಿ. ಹೀಟರಿನ ತಡೆ ಮೊದಲಿನ 46 ಓಮೇ. 184ನ್ನು 46ರಿಂದ ಭಾಗಿಸಿದರೆ 4 ಅಂಪಿಯರ್. ಶಕ್ತಿ 184 × 4 = 736 ವ್ಯಾಟ್. ವೋಲ್ಟ್ ಇಳಿದದ್ದು ನೂರಕ್ಕೆ ಇಪ್ಪತ್ತು, ಶಕ್ತಿ ಇಳಿದದ್ದು ನೂರಕ್ಕೆ ಮೂವತ್ತಾರು. ಒತ್ತಡವೂ ಇಳಿಯಿತು, ಹರಿವೂ ಇಳಿಯಿತು, ಎರಡೂ ಕೂಡಿ ಶಕ್ತಿಯನ್ನು ಇಳಿಸಿದವು. ನೀರು ಕಾಯಲು ತಡವಾಯಿತು, ಅಷ್ಟೇ. ಹೀಟರ್ ಕೆಡಲಿಲ್ಲ.

ಮೋಟಾರಿನ ಸ್ವಭಾವ ಬೇರೆ

ವೋಲ್ಟ್ ಇಳಿದರೆ ಮೋಟಾರೂ ಹೀಟರಿನಂತೆ ಕಡಿಮೆ ಕರೆಂಟು ಎಳೆದು ಮೆಲ್ಲಗೆ ಕೆಲಸ ಮಾಡುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಆಗುವುದು ಇದಕ್ಕೆ ತೀರ ತಿರುವುಮುರುವು. ಓಡುತ್ತಿರುವ ಪಂಪು ಮೋಟಾರಿನಿಂದ ಕೇಳುವ ಕೆಲಸ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ನೀರು ಅದೇ ಎತ್ತರಕ್ಕೆ ಏರಬೇಕು. ಒತ್ತಡ ಕಡಿಮೆ ಸಿಕ್ಕರೆ ಅದೇ ಕೆಲಸಕ್ಕಾಗಿ ಮೋಟಾರು ಹೆಚ್ಚು ಅಂಪಿಯರ್ ಎಳೆದುಕೊಳ್ಳುತ್ತದೆ. ಒಂದು ಎತ್ತು ಕುಂಟಿದರೆ ಇನ್ನೊಂದು ಎತ್ತು ನೊಗವನ್ನು ಹೆಚ್ಚು ಎಳೆಯುವಂತೆ.

ಲೆಕ್ಕದಿಂದ ನೋಡಿರಿ. ಐದು ಅಶ್ವಶಕ್ತಿಯ ಮೂರು ಫೇಸಿನ ಮೋಟಾರು 415 ವೋಲ್ಟಿನಲ್ಲಿ ಪೂರ್ಣ ಹೊರೆಗೆ ಸುಮಾರು 7.5 ಅಂಪಿಯರ್ ಎಳೆಯುತ್ತದೆ. ನಿಮ್ಮ ಮೋಟಾರಿನ ಸರಿಯಾದ ಅಂಕಿ ಅದರ ಹಿತ್ತಾಳೆ ಪಟ್ಟಿಯ ಮೇಲೆ ಕೊರೆದಿರುತ್ತದೆ. ವೋಲ್ಟ್ 340ಕ್ಕೆ ಇಳಿದರೆ ಅಂಪಿಯರ್ 9ರ ಮೇಲೆ ಹೋಗುತ್ತದೆ. ಸುರುಳಿಯಲ್ಲಿ ಹುಟ್ಟುವ ಕಾವು ಅಂಪಿಯರನ್ನು ಅಂಪಿಯರಿನಿಂದಲೇ ಗುಣಿಸಿದ ಲೆಕ್ಕದಲ್ಲಿ ಏರುತ್ತದೆ. ಏಕೆಂದರೆ ವೋಲ್ಟ್ ಎಂದರೆ ಅಂಪಿಯರ್ × ತಡೆ, ಅದನ್ನು ಮತ್ತೆ ಅಂಪಿಯರಿನಿಂದ ಗುಣಿಸಿದರೆ ವ್ಯಾಟ್. ಅಂಪಿಯರ್ 1.22 ಪಟ್ಟಾದರೆ ಕಾವು ಸುಮಾರು 1.5 ಪಟ್ಟು. ಸುರುಳಿಯ ಹೊದಿಕೆ ಅದರ ಮಿತಿಗಿಂತ ಹತ್ತು ಡಿಗ್ರಿ ಹೆಚ್ಚು ಕಾದರೆ ಅದರ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ಮೋಟಾರು ಕಟ್ಟುವವರ ಬಹು ಹಳೆಯ ಲೆಕ್ಕ.

ಮೋಟಾರು ಶುರುವಾಗುವ ಕ್ಷಣ ಇದಕ್ಕಿಂತಲೂ ಬಿರುಸು. ಸುರುಳಿಯ ತಂತಿಯ ತಡೆ ಕೆಲವೇ ಓಮ್. ಮೋಟಾರು ತಿರುಗತೊಡಗಿದ ಮೇಲೆ ಅದರೊಳಗೇ ಎದುರು ಒತ್ತಡ ಹುಟ್ಟಿ ಹರಿವನ್ನು ಹಿಡಿದಿಡುತ್ತದೆ. ಆದ್ದರಿಂದ ಓಡುವ ಮೋಟಾರಿನ ವೋಲ್ಟನ್ನು ಅಂಪಿಯರಿನಿಂದ ಭಾಗಿಸಿ ಬಂದ ಅಂಕಿಯನ್ನು ಸುರುಳಿಯ ತಡೆ ಎಂದು ತಿಳಿಯಬಾರದು. ನಿಂತ ಮೋಟಾರಿನಲ್ಲಿ ಆ ಎದುರು ಒತ್ತಡ ಇರುವುದಿಲ್ಲ. ಆಗ ಅದು ಆರು ಪಟ್ಟು, ಅಂದರೆ 45 ಅಂಪಿಯರ್ ಎಳೆಯುತ್ತದೆ. ಕಾವು ಆರಾರಲೆ ಮೂವತ್ತಾರು ಪಟ್ಟು. ಒಂದೆರಡು ಸೆಕೆಂಡಿನಲ್ಲಿ ತಿರುಗಿ ವೇಗ ಹಿಡಿದರೆ ಬಾಧಕವಿಲ್ಲ. ಆದರೆ ವೋಲ್ಟ್ ಕಡಿಮೆ ಇದ್ದರೆ ತಿರುಗಿಸುವ ಬಲವೂ ಬೀಳುತ್ತದೆ. 340 ವೋಲ್ಟಿನಲ್ಲಿ ಆ ಬಲ ಮೂರರಲ್ಲಿ ಎರಡು ಪಾಲು ಮಾತ್ರ. ಮೋಟಾರು ಗುಂಯ್ ಎನ್ನುತ್ತ ನಿಂತಲ್ಲಿಯೇ ನಿಂತರೆ ಸುರುಳಿ ಸುಡಲು ಬಹಳ ಹೊತ್ತು ಬೇಡ. ಗುಂಯ್ ಎಂದೊಡನೆ ಕೆಂಪು ಗುಂಡಿ ಒತ್ತಬೇಕು. ಮತ್ತೆ ಮತ್ತೆ ಹಸಿರು ಗುಂಡಿ ಒತ್ತಿ ಪರೀಕ್ಷೆ ಮಾಡಬಾರದು.

ಒಂದು ಫ್ಯೂಜು ಹೋಗಿ ಎರಡೇ ಫೇಸಿನ ಮೇಲೆ ಓಡುವ ಮೋಟಾರಿನ ಅವಸ್ಥೆಯೂ ಇದೇ. ಉಳಿದ ತಂತಿಗಳಲ್ಲಿ ಅಂಪಿಯರ್ 1.73 ಪಟ್ಟು ಏರುತ್ತದೆ, ಕಾವು ಮೂರು ಪಟ್ಟು. ಇದನ್ನು ತಡೆಯಲೆಂದೇ ಸ್ಟಾರ್ಟರಿನಲ್ಲಿ ಓವರ್‌ಲೋಡ್ ರಿಲೇ ಮತ್ತು ಸಿಂಗಲ್ ಫೇಸ್ ಪ್ರಿವೆಂಟರ್ ಇರುತ್ತವೆ. ರಿಲೇ ಮೇಲಿಂದ ಮೇಲೆ ಬೀಳುತ್ತದೆಂದು ಅದನ್ನು ಕಡ್ಡಿ ಸಿಕ್ಕಿಸಿ ಎತ್ತಿ ಕಟ್ಟುವುದು, ಫ್ಯೂಜಿನ ಜಾಗದಲ್ಲಿ ದಪ್ಪ ತಂತಿ ಸುತ್ತುವುದು ಎಂದರೆ ಬೊಗಳುವ ನಾಯಿಯ ಬಾಯಿ ಕಟ್ಟಿ ಕಳ್ಳನಿಗೆ ಬಾಗಿಲು ತೆರೆದಂತೆ. ರಿಲೇಯ ಮುಳ್ಳು ಪಟ್ಟಿಯ ಮೇಲಿನ ಅಂಪಿಯರಿಗೇ ನಿಂತಿರಬೇಕು.

ಮೂರು ಫೇಸಿನ ಶಕ್ತಿಯ ಲೆಕ್ಕ

ಮೂರು ಫೇಸಿಗೆ ಬರೇ ವೋಲ್ಟ್ × ಅಂಪಿಯರ್ ಸಾಲದು. ಅದನ್ನು 1.73ರಿಂದ ಗುಣಿಸಿ, ಮತ್ತೆ ಪವರ್ ಫ್ಯಾಕ್ಟರಿನಿಂದ ಗುಣಿಸಬೇಕು. ಪವರ್ ಫ್ಯಾಕ್ಟರ್ ಎಂದರೆ ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬೀಳುವ ಪಾಲು. ಒಳ್ಳೆಯ ಹೊರೆಯ ಮೇಲಿದ್ದ ಮೋಟಾರಿಗೆ ಅದನ್ನು 0.83 ಎಂದು ಹಿಡಿಯೋಣ. 1.73 × 415 × 0.83 ಎಂದರೆ ಸುಮಾರು 600. ಬಾಯಲ್ಲಿ ಇಟ್ಟುಕೊಳ್ಳಲು ಇದು ಸುಲಭ: ಮೂರು ಫೇಸಿನ ಪಂಪಿಗೆ ಅಂಪಿಯರ್ ಒಂದಕ್ಕೆ 600 ವ್ಯಾಟ್. ಏಳೂವರೆ ಅಂಪಿಯರಿಗೆ 4,500 ವ್ಯಾಟ್, ತಾಸಿಗೆ ನಾಲ್ಕೂವರೆ ಯೂನಿಟ್.

ಒಂದು ಅಶ್ವಶಕ್ತಿಗೆ 746 ವ್ಯಾಟ್. ಐದಕ್ಕೆ 3,730. ಮೋಟಾರು ತೆಗೆದುಕೊಂಡದ್ದು 4,500ರ ಹತ್ತಿರ, ಪಂಪಿಗೆ ಕೊಟ್ಟದ್ದು 3,730. ನಡುವಿನ ಒಂದು ಕುದುರೆ ಮೋಟಾರಿನ ಹೊಟ್ಟೆಯಲ್ಲಿಯೇ ಕಾವಾಗಿ ಹೋಯಿತು. ಪಟ್ಟಿಯ ಮೇಲೆ 7.5 ಇದ್ದು ನಿಮ್ಮ ಮೀಟರು ಸರಿಯಾದ ವೋಲ್ಟಿನಲ್ಲಿಯೂ 9 ತೋರಿಸುತ್ತಿದ್ದರೆ ಎರಡನೆಯ ಕುದುರೆಯೂ ಒಳಗೆ ಬೇಯತೊಡಗಿದೆ ಎಂದು ತಿಳಿಯಿರಿ. ಬೇರಿಂಗು ಸವೆದಿರಬಹುದು, ಇಂಪೆಲ್ಲರಿಗೆ ಮರಳು ಸಿಕ್ಕಿರಬಹುದು. ಅಂಪಿಯರ್ ಪಟ್ಟಿಗಿಂತ ಬಹಳ ಕೆಳಗಿದ್ದು ನೀರೂ ಕಡಿಮೆ ಬರುತ್ತಿದ್ದರೆ ಬಾವಿಯ ನೀರು ಇಳಿದು ಪಂಪು ಗಾಳಿ ಎಳೆಯುತ್ತಿದೆ, ಇಲ್ಲವೆ ಫುಟ್‌ವಾಲ್ವಿಗೆ ಕಸ ಕಟ್ಟಿದೆ.

ತಂತಿಯಲ್ಲಿ ಕಳೆದುಹೋಗುವುದು ಏನು?

"ಉದ್ದ ತಂತಿ ಕರೆಂಟು ತಿನ್ನುತ್ತದೆ" ಎನ್ನುವ ಮಾತಿದೆ. ಕಚ್ಚಾ ಕಾಲುವೆ ನೀರನ್ನು ಹೀರುವಂತೆ ತಂತಿ ಅಂಪಿಯರನ್ನು ಹೀರುವುದಿಲ್ಲ. ಕಂಬದ ಹತ್ತಿರ ಏಳೂವರೆ ಅಂಪಿಯರ್ ಹೊಕ್ಕರೆ ಬಾವಿಯ ಹತ್ತಿರವೂ ಏಳೂವರೆಯೇ. ತಂತಿ ತಿನ್ನುವುದು ವೋಲ್ಟನ್ನು. ತಿಂದ ವೋಲ್ಟೆಲ್ಲ ತಂತಿಯ ಮೈಯಲ್ಲಿ ಕಾವಾಗುತ್ತದೆ.

ಎಷ್ಟು ತಿನ್ನುತ್ತದೆ ಎಂಬುದನ್ನು ತಂತಿ ಕೊಳ್ಳುವ ಮೊದಲೇ ಲೆಕ್ಕ ಹಾಕಬಹುದು. ಒಂದು ಚದರ ಮಿಲಿಮೀಟರ್ ದಪ್ಪದ, ಸಾವಿರ ಮೀಟರ್ ಉದ್ದದ ತಾಮ್ರದ ತಂತಿಗೆ ನಮ್ಮ ಬಿಸಿಲಿನಲ್ಲಿ ಸುಮಾರು 18 ಓಮ್ ತಡೆ. ಅಲ್ಯುಮಿನಿಯಮ್ಮಿಗೆ ಸುಮಾರು 30 ಓಮ್. ದಪ್ಪ ಎರಡು ಪಟ್ಟಾದರೆ ತಡೆ ಅರ್ಧ, ಉದ್ದ ಎರಡು ಪಟ್ಟಾದರೆ ತಡೆ ಎರಡು ಪಟ್ಟು. ಕಂಬದಿಂದ ಬಾವಿಗೆ 250 ಮೀಟರ್, ತಂತಿ ಎರಡೂವರೆ ಚದರ ಮಿಲಿಮೀಟರಿನ ತಾಮ್ರ ಎಂದು ಹಿಡಿಯಿರಿ. 18ರ ಕಾಲು ಪಾಲು 4.5, ಅದನ್ನು ಎರಡೂವರೆಯಿಂದ ಭಾಗಿಸಿದರೆ 1.8 ಓಮ್. ಏಳೂವರೆ ಅಂಪಿಯರಿಗೆ ಒಂದೊಂದು ತಂತಿಯಲ್ಲಿ 13.5 ವೋಲ್ಟ್ ಹೋಯಿತು. 13.5 × 7.5 ಎಂದರೆ ತಂತಿ ಒಂದಕ್ಕೆ 101 ವ್ಯಾಟ್, ಮೂರಕ್ಕೆ 300ರ ಮೇಲೆ. ಎಂಟು ತಾಸಿಗೆ ಎರಡೂವರೆ ಯೂನಿಟ್ಟಿನ ಹತ್ತಿರ ಬದುವಿನ ಮಣ್ಣು ಕಾಯಿಸಲು ಹೋಯಿತು. ಫೇಸು-ಫೇಸಿನ ನಡುವೆ ಅಳೆದರೆ ಬಾವಿಯ ಹತ್ತಿರ ವೋಲ್ಟ್ ಇಪ್ಪತ್ತರ ಆಚೀಚೆ ಕಡಿಮೆ ಕಾಣುತ್ತದೆ. ಕಂಬದಲ್ಲಿಯೇ 380 ಇದ್ದರೆ ಮೋಟಾರಿಗೆ ಮುಟ್ಟುವುದು 360.

ಅದೇ ಜಾಗಕ್ಕೆ ಆರು ಚದರ ಮಿಲಿಮೀಟರಿನ ತಂತಿ ಹಾಕಿದರೆ ತಡೆ 0.75 ಓಮ್, ನಷ್ಟ ತಂತಿ ಒಂದಕ್ಕೆ 42 ವ್ಯಾಟ್. ಅರ್ಧಕ್ಕಿಂತಲೂ ಕಡಿಮೆ. ಭೀಮಾ ದಂಡೆಯಿಂದ, ಕುರನೂರ ಧರಣದ ಹಿನ್ನೀರಿನಿಂದ ದೂರ ನೀರು ಎತ್ತುವವರು ಪೈಪಿನ ಅಳತೆಗೆ ಕೊಡುವ ಲಕ್ಷ್ಯವನ್ನು ತಂತಿಯ ಅಳತೆಗೂ ಕೊಡಬೇಕು. ನಾಲ್ಕು ಇಂಚಿನ ಪೈಪು ಬೇಕಾದಲ್ಲಿ ಎರಡು ಇಂಚಿನದನ್ನು ಯಾರೂ ಹೂಳುವುದಿಲ್ಲ. ತಂತಿಯಲ್ಲಿ ಮಾತ್ರ ಆ ಕೆಲಸ ಆಗುತ್ತಿದೆ.

ಮಹಾರಾಷ್ಟ್ರ ಸರ್ಕಾರ 2024ರಲ್ಲಿ ಏಳೂವರೆ ಅಶ್ವಶಕ್ತಿಯ ವರೆಗಿನ ಕೃಷಿ ಪಂಪುಗಳಿಗೆ ಉಚಿತ ವಿದ್ಯುತ್ ಯೋಜನೆ ತಂದಿತಲ್ಲ, ಯೂನಿಟ್ಟಿನ ಲೆಕ್ಕ ನಮಗೇಕೆ ಎಂದು ಯಾರಾದರೂ ಕೇಳಿಯಾರು. ಬಿಲ್ಲು ಇಲ್ಲದಿರಬಹುದು, ಸುರುಳಿ ಸುತ್ತಿಸುವ ಬಿಲ್ಲು ಇದ್ದೇ ಇದೆ. ತಂತಿಯಲ್ಲಿ ಹೋದ ಇಪ್ಪತ್ತು ವೋಲ್ಟ್ ಮೋಟಾರಿನಲ್ಲಿ ಅಂಪಿಯರಾಗಿ ಏರುತ್ತದೆ. ಅದನ್ನು ಯಾವ ಯೋಜನೆಯೂ ಮಾಫು ಮಾಡುವುದಿಲ್ಲ.

ಸಡಿಲ ಕೂಡಿಕೆ

ತಂತಿಗಿಂತ ಹೆಚ್ಚು ತಿನ್ನುವುದು ತಂತಿಯ ಗಂಟು. ತಿರುಚಿ ಟೇಪು ಸುತ್ತಿದ ಗಂಟು, ತುಕ್ಕು ಹಿಡಿದ ಕಿಟ್‌ಕ್ಯಾಟು, ಸ್ಟಾರ್ಟರಿನ ಸಡಿಲ ಸ್ಕ್ರೂ, ತಾಮ್ರಕ್ಕೆ ನೇರವಾಗಿ ಸುತ್ತಿದ ಅಲ್ಯುಮಿನಿಯಮ್ ತಂತಿ, ಇವುಗಳಲ್ಲಿ ತಡೆ ಕೂಡುತ್ತ ಹೋಗುತ್ತದೆ. ಓಡುವಾಗ ಒಂದು ಗಂಟಿನ ಆಚೆ-ಈಚೆ ವಾಯರಮನ್ ಮೀಟರು ಹಿಡಿದಾಗ 3 ವೋಲ್ಟ್ ಕಂಡಿತೆನ್ನಿರಿ. ಮೂರೇ ವೋಲ್ಟ್ ಎಂದು ತಾತ್ಸಾರ ಮಾಡಬೇಡಿರಿ. 3 ÷ 7.5 = 0.4 ಓಮ್ ತಡೆ. 3 × 7.5 = 22.5 ವ್ಯಾಟ್ ಕಾವು. ರೇಡಿಯೊ ರಿಪೇರಿ ಮಾಡುವವರು ಬೆಸುಗೆ ಹಾಕುವ ಸಣ್ಣ ಕಾಯ್ದ ಕಡ್ಡಿ ಇದೆಯಲ್ಲ, ಅದು 25 ವ್ಯಾಟಿನದು. ಹೆಬ್ಬೆರಳಿನಷ್ಟು ಗಂಟಿನಲ್ಲಿ ಅಂಥ ಕಡ್ಡಿ ಎಂಟು ತಾಸು ಉರಿದರೆ ಟೇಪು ಕರಗಿ, ಗಂಟು ಕಪ್ಪಾಗಿ, ತಡೆ ಇನ್ನೂ ಏರಿ, ಕಡೆಗೆ ಒಂದು ಫೇಸು ಕಡಿಯುತ್ತದೆ. ಅಲ್ಲಿಂದ ಮುಂದಿನ ಕಥೆ ಆಗಲೇ ಹೇಳಿದ್ದೇನೆ, ಎರಡು ಫೇಸು, ಮೂರು ಪಟ್ಟು ಕಾವು. ಕಬ್ಬಿನ ರವದಿ ಬಿದ್ದಲ್ಲಿ ಇಂಥ ಗಂಟು ಕಿಡಿ ಹಾರಿಸಿದರೆ ಏನಾದೀತೆಂದು ತಾವೇ ಊಹಿಸಿರಿ.

ತಾಮ್ರ ಮತ್ತು ಅಲ್ಯುಮಿನಿಯಮ್ ಕೂಡುವಲ್ಲಿ ಎರಡು ಲೋಹದ ಲಗ್ ಹಾಕಿಸಬೇಕು. ಹಂಗಾಮಿಗೊಮ್ಮೆ ಮೇನ್ ಬಂದ್ ಮಾಡಿಸಿ ಎಲ್ಲ ಸ್ಕ್ರೂಗಳನ್ನು ಬಿಗಿ ಮಾಡಿಸಬೇಕು. ಖರ್ಚು ಒಂದು ಸ್ಕ್ರೂಡ್ರೈವರು ಮತ್ತು ಅರ್ಧ ತಾಸು.

ಒಂದೇ ಟ್ರಾನ್ಸ್‌ಫಾರ್ಮರಿನ ಮಂದಿ

ಇದುವರೆಗೆ ಹೇಳಿದ್ದು ನಮ್ಮ ನಮ್ಮ ಬಾವಿಯ ಮಾತು. ಆದರೆ ವೋಲ್ಟ್ ಎಂಬುದು ಟ್ರಾನ್ಸ್‌ಫಾರ್ಮರಿನ ಮೇಲಿರುವ ಎಲ್ಲರ ಸಮಾನ ಆಸ್ತಿ. 63 ಕೆವಿಎ ಟ್ರಾನ್ಸ್‌ಫಾರ್ಮರು ಕೊಡಬಲ್ಲದ್ದು ಸುಮಾರು 84 ಅಂಪಿಯರ್. ಐದರ ಪಂಪು ಒಂದಕ್ಕೆ ಏಳೂವರೆ ಎಂದರೆ ಹನ್ನೊಂದು ಪಂಪು. ಅದರ ಮೇಲೆ ಹದಿನಾರು ಓಡಿದರೆ 120 ಅಂಪಿಯರ್, ಒಳಗಿನ ಸುರುಳಿಯ ಕಾವು ಎರಡು ಪಟ್ಟು. ಐದರ ಮಂಜೂರಿ ಪಡೆದು ಏಳೂವರೆ ಕೂಡಿಸುವವರು ನೆರೆಯವನ ವೋಲ್ಟನ್ನು ಕದಿಯುತ್ತಾರೆ. ಕಡೆಗೆ ಟ್ರಾನ್ಸ್‌ಫಾರ್ಮರು ಸುಟ್ಟಾಗ ಕದ್ದವನ ಕಬ್ಬೂ ಒಣಗುತ್ತದೆ, ಕದಿಯದವನದೂ ಒಣಗುತ್ತದೆ. ಹೊರೆ ನಿಜವಾಗಿ ಬರೆಯಿಸಿದರೆ ಮಾತ್ರ ದೊಡ್ಡ ಟ್ರಾನ್ಸ್‌ಫಾರ್ಮರು ಕೇಳಲು ನಮಗೆ ಬಾಯಿ ಇರುತ್ತದೆ.

ಆಟೋ ಸ್ಟಾರ್ಟರಿನ ಮಾತೂ ಇಲ್ಲಿಯೇ ಬರುತ್ತದೆ. ಕರೆಂಟು ಬಂದೊಡನೆ ಹನ್ನೊಂದು ಮೋಟಾರು ಒಮ್ಮೆಲೆ ಶುರುವಾದರೆ 11 × 45 ಎಂದರೆ 495 ಅಂಪಿಯರ್ ಕೇಳುತ್ತವೆ. 84ರ ಟ್ರಾನ್ಸ್‌ಫಾರ್ಮರು ಎಲ್ಲಿಂದ ಕೊಟ್ಟೀತು? ವೋಲ್ಟ್ ಕುಸಿಯುತ್ತದೆ, ಯಾವ ಮೋಟಾರೂ ತಿರುಗುವುದಿಲ್ಲ, ಎಲ್ಲವೂ ಗುಂಯ್ ಎನ್ನುತ್ತವೆ. ಒಂದೇ ಟ್ರಾನ್ಸ್‌ಫಾರ್ಮರಿನ ಮಂದಿ ಕೂಡಿ ಕೂತು, ನಿನ್ನದು ಒಂದು ನಿಮಿಷಕ್ಕೆ, ನನ್ನದು ಎರಡಕ್ಕೆ, ಅವರದು ಮೂರಕ್ಕೆ ಎಂದು ಟೈಮರ್ ಹಚ್ಚಿಕೊಂಡರೆ ಹನ್ನೊಂದು ನಿಮಿಷದಲ್ಲಿ ಎಲ್ಲರ ನೀರೂ ಬೀಳುತ್ತದೆ. ಕಬ್ಬು ಕಡಿಯುವ ಪಾಳಿಯನ್ನು ಒಪ್ಪಿಕೊಂಡು ನಡೆಯುವ ನಮಗೆ ಈ ಪಾಳಿ ಹೊಸದಲ್ಲ.

ಇನ್ನೊಂದು ಉಪಾಯ ಕೆಪ್ಯಾಸಿಟರ್. ಐದರ ಮೋಟಾರಿಗೆ 2 ಕೆವಿಎಆರ್, ಮೂರರ ಮೋಟಾರಿಗೆ 1 ಕೆವಿಎಆರ್ ಸಾಕು. ಮೋಟಾರಿನ ಹತ್ತಿರವೇ ಕೂಡಿಸಿದರೆ ತಂತಿಯಲ್ಲಿ ಬರುವ ಅಂಪಿಯರ್ ಏಳೂವರೆಯಿಂದ ಸುಮಾರು 6.4ಕ್ಕೆ ಇಳಿಯುತ್ತದೆ. ತಂತಿಯ ಕಾವಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಉಳಿಯಿತು. ಒಂದೇ ಎಚ್ಚರಿಕೆ, ಮೋಟಾರು ಬಂದ್ ಆದ ಮೇಲೂ ಕೆಪ್ಯಾಸಿಟರಿನಲ್ಲಿ ಸ್ವಲ್ಪ ಹೊತ್ತು ಕರೆಂಟು ಉಳಿದಿರುತ್ತದೆ, ಕೈ ಹಾಕಬಾರದು.

ಸೌರ ಪಂಪು ಹಾಕಿಸಿಕೊಂಡ ಸಭಾಸದರೂ ಈಗ ಇದ್ದಾರೆ. ಫಲಕಗಳಿಂದ ಬರುವುದು ಏಕಮುಖ ಕರೆಂಟು, ಅಲ್ಲಿ ವೋಲ್ಟ್ × ಅಂಪಿಯರ್ ನೇರವಾಗಿ ವ್ಯಾಟ್. ಫಲಕ ಒಂದಕ್ಕೆ 40 ವೋಲ್ಟ್ ಎಂದು ಹಿಡಿದು ಹತ್ತನ್ನು ಸಾಲಾಗಿ ಕೂಡಿಸಿದರೆ 400 ವೋಲ್ಟ್. ಅಂಪಿಯರ್ ಎಲ್ಲದರಲ್ಲಿಯೂ ಒಂದೇ, 8 ಎಂದು ಹಿಡಿದರೆ 3,200 ವ್ಯಾಟ್. ಧೂಳು ಕೂತರೆ ಮೊದಲು ಇಳಿಯುವುದು ಅಂಪಿಯರ್. ಬೆಳಕಿರುವ ತನಕ ಆ 400 ವೋಲ್ಟನ್ನು ಫಲಕದಲ್ಲಿ ಬಂದ್ ಮಾಡಲು ಬರುವುದಿಲ್ಲ ಎಂಬುದನ್ನು ಮನೆಯ ಮಕ್ಕಳಿಗೂ ಹೇಳಿರಿ.

ಭೂಮಿ ತಂತಿ: ಜೀವದ ಲೆಕ್ಕ

ಇದುವರೆಗಿನದು ದುಡ್ಡಿನ ಲೆಕ್ಕ. ಇನ್ನು ಹೇಳುವುದು ಜೀವದ ಲೆಕ್ಕ, ಲಕ್ಷ್ಯ ಕೊಟ್ಟು ಕೇಳಿರಿ.

ಮೋಟಾರಿನ ಒಳಗೆ ಹೊದಿಕೆ ಸುಟ್ಟು ಒಂದು ಫೇಸು ಅದರ ಮೈಗೆ ತಾಗಿತೆನ್ನಿರಿ. ಮೈಗೆ 230 ವೋಲ್ಟ್ ಬಂತು. ಭೂಮಿ ತಂತಿ ಸರಿಯಾಗಿದ್ದರೆ ಕರೆಂಟು ಅದರ ಮೂಲಕ ಭೂಮಿಗಿಳಿದು ಟ್ರಾನ್ಸ್‌ಫಾರ್ಮರಿನ ಭೂಮಿ ತಂತಿಗೆ ಮರಳುತ್ತದೆ. ಈ ದಾರಿಯ ಒಟ್ಟು ತಡೆ 5 ಓಮ್ ಇದ್ದರೆ 230 ÷ 5 = 46 ಅಂಪಿಯರ್. ಹದಿನೈದರ ಫ್ಯೂಜು ಹಾರಿಬಿಡುತ್ತದೆ, ಎಲ್ಲರೂ ಬದುಕಿದರು.

ಈಗ ಬೇಸಿಗೆ. ನಮ್ಮ ಎರೆ ಭೂಮಿ ಕೈ ಹೋಗುವಷ್ಟು ಬಿರಿದಿದೆ. ಭೂಮಿ ತಂತಿಯ ಗುಂಡಿ ಒಣಗಿದೆ, ತಂತಿಗೆ ತುಕ್ಕು ಹಿಡಿದಿದೆ, ದಾರಿಯ ತಡೆ 100 ಓಮ್ ಆಗಿದೆ. 230 ÷ 100 = 2.3 ಅಂಪಿಯರ್. ಮೋಟಾರೇ ಏಳೂವರೆ ಎಳೆಯುವಾಗ ಈ 2.3 ಅಂಪಿಯರು ಫ್ಯೂಜಿಗೆ ಗೊತ್ತೇ ಆಗುವುದಿಲ್ಲ. ಮೋಟಾರು ಓಡುತ್ತಲೇ ಇರುತ್ತದೆ, ನೀರು ಬೀಳುತ್ತಲೇ ಇರುತ್ತದೆ. ಪೈಪು, ಸ್ಟಾರ್ಟರಿನ ಡಬ್ಬಿ, ಬಾವಿಯ ಕಬ್ಬಿಣದ ಏಣಿ ಎಲ್ಲ 230 ವೋಲ್ಟ್ ಹೊತ್ತು ಸುಮ್ಮನೆ ಕಾಯುತ್ತಿರುತ್ತವೆ.

ಒದ್ದೆ ಕೈ, ಬರಿಗಾಲು, ಕೆಸರಿನಲ್ಲಿ ನಿಂತ ಮನುಷ್ಯನ ದೇಹದ ತಡೆ ಸಾವಿರ ಓಮಿನ ಆಸುಪಾಸು. 230 ÷ 1000 = 0.23 ಅಂಪಿಯರ್. ಕಾಲು ಅಂಪಿಯರೂ ಅಲ್ಲ. ಮೋಟಾರಿಗೆ ಅದು ಲೆಕ್ಕಕ್ಕಿಲ್ಲ, ಮನುಷ್ಯನ ಗುಂಡಿಗೆ ನಿಲ್ಲಿಸಲು ಬೇಕಾದದ್ದಕ್ಕಿಂತ ಹೆಚ್ಚು. ರಾತ್ರಿ ಪಾಳಿಯಲ್ಲಿ ನೀರು ಹಾಯಿಸಲು ಹೋದವರು ಬೆಳಗ್ಗೆ ಮನೆಗೆ ಮರಳದಿರುವುದು ಈ ಭಾಗಾಕಾರದಲ್ಲಿದೆ.

ಇದಕ್ಕೆ ಎರಡು ಕಾವಲುಗಳಿವೆ. ಒಂದು, ಭೂಮಿ ತಂತಿಯ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆಯಾದರೂ ನಾಲ್ಕು ಕೊಡ ನೀರು ಹಾಕುವುದು, ವರ್ಷಕ್ಕೊಮ್ಮೆ ಅದರ ತಡೆ ಅಳೆಯಿಸುವುದು. ಎರಡು, ಸೋರಿಕೆ ಕಂಡೊಡನೆ ಕಡಿಯುವ ಆರ್‌ಸಿಸಿಬಿ ಹಾಕಿಸುವುದು. ಹೊಕ್ಕ ಅಂಪಿಯರೂ ಮರಳಿದ ಅಂಪಿಯರೂ ಒಂದೇ ಇರಬೇಕೆಂದು ಹಿಂದೆ ಹೇಳಿದೆನಷ್ಟೆ. ಈ ಯಂತ್ರ ಅದನ್ನೇ ಸದಾ ತೂಗಿ ನೋಡುತ್ತಿರುತ್ತದೆ. ಅಂಪಿಯರಿನ ನೂರರಲ್ಲಿ ಮೂರು ಪಾಲು ಎಲ್ಲಿಯಾದರೂ ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಕರೆಂಟು ಕಡಿಯುತ್ತದೆ. ಫ್ಯೂಜು ಮೋಟಾರನ್ನು ಕಾಯುತ್ತದೆ, ಇದು ಮನುಷ್ಯನನ್ನು ಕಾಯುತ್ತದೆ.

ಮಾಡತಕ್ಕ ಕೆಲಸಗಳು

1. ಮೋಟಾರಿನ ಪಟ್ಟಿಯ ಮೇಲಿನ ವೋಲ್ಟ್, ಅಂಪಿಯರ್, ಅಶ್ವಶಕ್ತಿ ಮೂರನ್ನೂ ಸ್ಟಾರ್ಟರಿನ ಡಬ್ಬಿಯ ಮೇಲೆ ಬಣ್ಣದಿಂದ ಬರೆಯಿಸಿರಿ.

2. ಒಂದು ಹಳೆಯ ವಹಿ ಇಡಿರಿ. ಪಾಳಿಗೊಮ್ಮೆ ತಾರೀಖು, ವೋಲ್ಟ್, ಅಂಪಿಯರ್ ಬರೆಯಿರಿ. ಮೀಟರು ಕೆಟ್ಟಿದ್ದರೆ ವಾಯರಮನ್‌ನ ಕ್ಲ್ಯಾಂಪ್ ಮೀಟರಿನಿಂದ ತಿಂಗಳಿಗೊಮ್ಮೆಯಾದರೂ ನೋಡಿಸಿರಿ. ಮೂರೂ ಫೇಸಿನ ಅಂಪಿಯರ್ ಹೆಚ್ಚುಕಡಿಮೆ ಒಂದೇ ಇರಬೇಕು.

3. ವೋಲ್ಟ್ 350ರ ಕೆಳಗಿದ್ದರೆ ಮೋಟಾರು ಶುರು ಮಾಡಬೇಡಿರಿ. ಒಂದು ತಾಸು ತಡವಾದರೆ ಕಬ್ಬು ಸಾಯುವುದಿಲ್ಲ.

4. ಹೊಸ ತಂತಿ ಕೊಳ್ಳುವ ಮೊದಲು ಉದ್ದ, ದಪ್ಪ, ಅಂಪಿಯರ್ ಹಿಡಿದು ಮೇಲಿನ ಲೆಕ್ಕ ಮಾಡಿರಿ. ನಮ್ಮ ಗಟ ಕಚೇರಿಗೆ ಬಂದರೆ ಕೂಡಿ ಮಾಡೋಣ.

5. ಕರೆಂಟು ಇದ್ದಾಗ ಡಬ್ಬಿ ಬಿಚ್ಚುವುದು, ಮೀಟರು ಚುಚ್ಚುವುದು ಪರವಾನಗಿ ಇದ್ದ ವಾಯರಮನ್‌ನ ಕೆಲಸ. ಓದುವುದು, ಬರೆಯುವುದು, ಭಾಗಿಸುವುದು ಮಾತ್ರ ನಮ್ಮ ಕೆಲಸ.

ಬಂಧುಗಳೇ, ಕಾರಖಾನೆಯ ಕಾಟಾದ ಮೇಲೆ ಗಾಡಿ ನಿಂತಾಗ ಹತ್ತು ಕಿಲೋ ಹೆಚ್ಚು ಕಡಿಮೆಯಾದರೂ ತಾವು ಕೇಳುತ್ತೀರಿ. ಅದು ಸರಿಯಾದದ್ದೇ. ಹಾಗೆಯೇ ಬಾವಿಯ ಮೇಲಿನ ಕಾಟಾವನ್ನೂ ನೋಡಿರಿ. ಅದರಲ್ಲಿ ಮೋಸ ಮಾಡುವವರು ಯಾರೂ ಇಲ್ಲ, ನಾವು ನೋಡದಿರುವುದೇ ಮೋಸ. ಶಾಲೆಗೆ ಹೋಗುವ ನಿಮ್ಮ ಮನೆಯ ಹುಡುಗ ಹುಡುಗಿಯರು ಈ ಭಾಗಾಕಾರವನ್ನು ನಿಮಿಷದಲ್ಲಿ ಮಾಡಿಯಾರು. ಬರುವ ತಿಂಗಳ ಸಭೆಗೆ ಒಬ್ಬೊಬ್ಬರು ಒಂದೊಂದು ವಹಿ ತರಬೇಕೆಂದು ವಿನಂತಿ ಮಾಡಿ ನನ್ನ ಮಾತು ಮುಗಿಸುತ್ತೇನೆ.

ಜೈ ಕಿಸಾನ್. ಜೈ ಸಹಕಾರ.